ಎರಡು ಮನೆಯ ಲಕ್ಷ್ಮಮ್ಮ

ನಾನು ಬಿ.ಇ. ಮೂರನೇ ವರ್ಷದ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿನಿ. ಪೈಥಾನ್ ಕಲಿತದ್ದು ಪ್ಲೇಸ್‌ಮೆಂಟ್‌ಗೆ ಅಂತ. ಅದು ಮೊದಲು ಉಪಯೋಗಕ್ಕೆ ಬಂದದ್ದು ಮಾತ್ರ ತಾಲ್ಲೂಕು ವರದಿಗಾರರಾದ ನನ್ನ ಸೋದರಮಾವನಿಗೆ.

ದಸರಾ ರಜೆಗೆ ಊರಿಗೆ ಹೋಗಿದ್ದೆ. ಮಾಹಿತಿ ಹಕ್ಕಿನಡಿ ಪಡೆದ ವಸತಿ ಯೋಜನೆ ಫಲಾನುಭವಿಗಳ ಪಟ್ಟಿ ಹಿಡಿದು ಮಾವ ಪೆನ್ನಿನಲ್ಲಿ ಟಿಕ್ ಹಾಕುತ್ತಾ ಕೂತಿದ್ದರು. ಸಾವಿರಕ್ಕೂ ಹೆಚ್ಚು ಹೆಸರು. 'ಇದರ ಪಿಡಿಎಫ್ ಇದ್ರೆ ಕೊಡಿ ಮಾವ, ಹತ್ತು ನಿಮಿಷದ ಕೆಲಸ' ಅಂದೆ.

ಹತ್ತು ನಿಮಿಷ ಎರಡು ದಿನವಾಯಿತು. ಪಟ್ಟಿ ಇದ್ದದ್ದು ಹಳೆಯ ನುಡಿ ಫಾಂಟ್‌ನಲ್ಲಿ. ಕಣ್ಣಿಗೆ ಕನ್ನಡ, ಕಾಪಿ ಮಾಡಿದರೆ ಯಾವ ಭಾಷೆಯೂ ಅಲ್ಲದ ಚಿಹ್ನೆಗಳು! ಉಚಿತವಾಗಿ ಸಿಗುವ ಪರಿವರ್ತಕದಿಂದ ಯೂನಿಕೋಡ್‌ಗೆ ತಂದೆ. ಅಲ್ಲಲ್ಲಿ ಕೆಟ್ಟ ಒತ್ತಕ್ಷರಗಳನ್ನು ಕೈಯಾರೆ ತಿದ್ದಿದೆ. ಲ್ಯಾಬ್‌ನಲ್ಲಿ ಕೊಡುವ ಡೇಟಾ ಎಷ್ಟು ಸ್ವಚ್ಛ ಅಂತ ಆಗ ಗೊತ್ತಾಯಿತು.

ಒಂದೇ ಊರಿನಲ್ಲಿ ಎರಡು ಬಾರಿ ಬಂದ ಹೆಸರು ಹುಡುಕಿಸಿದೆ. ಹದಿನಾಲ್ಕು ಸಿಕ್ಕವು. ಮೊದಲನೆಯದೇ 'ಲಕ್ಷ್ಮಮ್ಮ ಕೋಂ ರಾಮಯ್ಯ', ಎರಡು ಮನೆ. 'ಮಾವ, ನಾಳೆಗೇ ಸುದ್ದಿ ಮಾಡಿ' ಅಂತ ಕುಣಿದೆ. ಮಾವ ಸ್ಕೂಟರ್ ಕೀ ತೆಗೆದುಕೊಂಡರು. 'ಬಾ ಪುಟ್ಟಿ, ಮೊದ್ಲು ಆಯಮ್ಮನ್ನ ನೋಡ್ಕೊಂಡು ಬರೋಣ.'

ಲಕ್ಷ್ಮಮ್ಮಂದಿರು ಇಬ್ಬರಿದ್ದರು. ಇಬ್ಬರ ಗಂಡಂದಿರೂ ರಾಮಯ್ಯನೇ. ಒಬ್ಬರ ಮನೆಗಂತೂ ಸೂರೇ ಇಲ್ಲ, ಅರ್ಧ ಗೋಡೆಯ ಮೇಲೆ ಪ್ಲಾಸ್ಟಿಕ್ ಹಾಳೆ. 'ಮುಂದಿನ ಬಿಲ್ ಯಾವಾಗ ಆಗುತ್ತವ್ವ?' ಅಂತ ನನ್ನನ್ನೇ ಕೇಳಿದರು. ಅವರನ್ನು ಕಳ್ಳಿ ಅಂತ ಪೇಪರ್‌ನಲ್ಲಿ ಹಾಕಿಸಲು ಹೊರಟಿದ್ದವಳು ನಾನು.

ಆ ರಾತ್ರಿ ನಿದ್ದೆ ಬರದೆ ಪನಾಮಾ ಪೇಪರ್ಸ್ ಬಗ್ಗೆ ಓದುತ್ತಾ ಕೂತೆ. ತೆರಿಗೆ ಸ್ವರ್ಗಗಳೆನಿಸಿದ ದೇಶಗಳಲ್ಲಿ ಕಂಪನಿ ತೆರೆದವರ ಸುಮಾರು 1.15 ಕೋಟಿ ದಾಖಲೆಗಳು, 2.6 ಟೆರಾಬೈಟ್! ಸ್ಕ್ಯಾನ್ ಪ್ರತಿಗಳಿಂದ ಅಕ್ಷರ ಎತ್ತಲು ಟೆಸೆರಾಕ್ಟ್, ಹುಡುಕಲು ಅಪಾಚೆ ಸೋಲರ್, ಯಾರಿಗೆ ಯಾವ ಕಂಪನಿಯ ನಂಟು ಎಂದು ನೋಡಲು ನಿಯೋಫೋರ್‌ಜೆ ಬಳಸಿದ್ದರು. ಮೊದಲೆರಡು ಉಚಿತ, ನಮ್ಮ ಲ್ಯಾಪ್‌ಟಾಪ್‌ನಲ್ಲೂ ಓಡುತ್ತವೆ. ಇಷ್ಟಿದ್ದೂ 300ಕ್ಕೂ ಹೆಚ್ಚು ಪತ್ರಕರ್ತರು ಸುಮಾರು ಒಂದು ವರ್ಷ ಹೆಣಗಿದ ಮೇಲೆ, 2016ರ ಏಪ್ರಿಲ್‌ನಲ್ಲಿ ವರದಿಗಳು ಹೊರಬಂದವು. ಭಾರತದಲ್ಲಿ ಈ ಕೆಲಸ ಮಾಡಿದ್ದು ಇಂಡಿಯನ್ ಎಕ್ಸ್‌ಪ್ರೆಸ್. ಆಮೇಲೆ ಜನರಿಗೆ ತೆರೆದಿಟ್ಟ ಡೇಟಾಬೇಸ್‌ನಲ್ಲೂ ಒಂದು ಎಚ್ಚರಿಕೆ ಇದೆ: ಒಂದೇ ಹೆಸರಿನವರು ಹಲವರಿರುತ್ತಾರೆ, ವಿಳಾಸ ನೋಡಿ ಖಚಿತ ಮಾಡಿಕೊಳ್ಳಿ ಅಂತ. ಪನಾಮಾದಲ್ಲೂ ಲಕ್ಷ್ಮಮ್ಮಂದಿರ ಕಾಟ!

ಬೆಳಿಗ್ಗೆ ಎದ್ದು ಬೇರೆ ಪ್ರಶ್ನೆ ಬರೆದೆ. ಪಟ್ಟಿಯಲ್ಲಿ ಕಾಮಗಾರಿ ಹಂತದ ಕಾಲಂ ಇತ್ತು: ತಳಪಾಯ, ಗೋಡೆ, ಛಾವಣಿ. ಗೋಡೆಗೆ ಬಂದು ನಿಂತುಹೋದ ಮನೆಗಳೆಷ್ಟು? ಉತ್ತರ ಎರಡು ಪುಟ ತುಂಬಿತು. ಮಾವ ಪ್ರಿಂಟ್ ತೆಗೆಸಿಕೊಂಡು ಒಂದೊಂದೇ ಊರಿಗೆ ಹೋಗಿಬರುತ್ತಿದ್ದಾರೆ. ಹೋಗಿಬಂದ ಊರಿಗೆ ಪೆನ್ನಿನಲ್ಲೇ ಟಿಕ್.