ಸಳಿ ಮ್ಯಾಗ ಯಾಕ್ರೀ?

ಬೇವೂರಿನಲ್ಲಿ ನಮ್ಮ ತಮ್ಮನ ಮನೆಯ ಮೇಲಂತಸ್ತಿಗೆ ಉಕ್ಕಿನ ಸಳಿ ಕಟ್ಟುವ ಕೆಲಸ ನಡೆದಿತ್ತು. ನಕ್ಷೆ ಬಾಗಲಕೋಟೆಯಿಂದ ಮೊಬೈಲಿಗೆ ಬಂದಿತ್ತು. ಹಿರಿಯ ಗೌಂಡಿ ಆ ಪುಟ್ಟ ಪರದೆಯನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಸರ, ಮನಿ ಒಳಗಿನ ಸ್ಲ್ಯಾಬಿಗೆ ಸಳಿ ಕೆಳಗ ಹಾಕ್ಯಾರ. ಛಜ್ಜಾಕ್ಕ ಮಾತ್ರ ಮ್ಯಾಗ ಯಾಕ್ರೀ? ಬರಿಯೂದ್ರಾಗ ತಪ್ಪೇನರ ಆಗೇತೇನು?"

ನಾಲ್ಕು ವರ್ಷದ ಹಿಂದೆ ಇದೇ ಮನೆಯ ಕೆಳಂತಸ್ತು ಕಟ್ಟಿದಾಗ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆಗ ಬಂದಿದ್ದ ಕೆಲಸಗಾರರು ಬೇರೆ, ನಕ್ಷೆ ಬರೆದವರೂ ಬೇರೆ. ಅವರಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿರಲಿಲ್ಲ. ಈಗ ಆ ಛಜ್ಜಾದ ಬುಡದಲ್ಲಿ, ಗೋಡೆಗೆ ಹೊಂದಿಕೊಂಡಂತೆ, ಈ ತುದಿಯಿಂದ ಆ ತುದಿಗೆ ಕೂದಲೆಳೆಯಂಥ ಬಿರುಕು ಹೋಗಿದೆ. ಮಳೆಗಾಲ ಕಳೆದ ಮೇಲೆ ನೋಡಿದರೆ ಆ ಬಿರುಕಿನಿಂದ ಕೆಂಪು ತುಕ್ಕು ಇಳಿದು ಸುಣ್ಣದ ಗೋಡೆಯ ಮೇಲೆ ಗೆರೆ ಎಳೆದಿರುತ್ತದೆ. ಹೀಗಾಗಿ ಗೌಂಡಿ ಕಾಕಾ ಕೇಳಿದ್ದನ್ನು ನಾನು ಹಾಗೇ ಬಿಡಲಿಲ್ಲ. ಎಂಜಿನಿಯರಿಗೆ ಫೋನ್ ಮಾಡಿದೆ. ವಯಸ್ಸಿನಲ್ಲಿ ಚಿಕ್ಕವನಾದ ಆ ಹುಡುಗ ಮಧ್ಯಾಹ್ನದ ಹೊತ್ತಿಗೆ ಬೈಕಿನಲ್ಲಿ ಬಂದ.

ಅವನು ಫೈಲು ತೆಗೆಯಲಿಲ್ಲ. ಅಲ್ಲೇ ಬಿದ್ದಿದ್ದ ಹಳೆಯ ಹವಾಯಿ ಚಪ್ಪಲಿ ಎತ್ತಿಕೊಂಡ. ಅದರ ದಪ್ಪ ಅಂಚಿನ ಮೇಲೆ ಬಡಿಗರ ಪೆನ್ಸಿಲಿನಿಂದ ಬೆರಳಿಗೊಂದರಂತೆ ನೆಟ್ಟಗೆ ಗೆರೆ ಹಾಕಿದ. ಚಪ್ಪಲಿಯನ್ನು ಎರಡು ಇಟ್ಟಿಗೆಗಳ ಮೇಲೆ ಅಡ್ಡ ಇಟ್ಟು ನಡುವೆ ಒತ್ತಿದ. ಗೆರೆಗಳು ಮೇಲೆ ಒಂದಕ್ಕೊಂದು ಸಮೀಪ ಬಂದವು, ಕೆಳಗೆ ದೂರ ಸರಿದವು. "ಕಾಕಾ, ಇದು ಒಳಗಿನ ಸ್ಲ್ಯಾಬ್" ಎಂದ. ಆಮೇಲೆ ಚಪ್ಪಲಿಯ ಹಿಮ್ಮಡಿಯನ್ನು ಗೋಡೆಯ ಮೇಲೆ ಅದುಮಿ ಹಿಡಿದು, ಹೊರಗೆ ಚಾಚಿದ ತುದಿಯನ್ನು ಕೆಳಗೆ ಒತ್ತಿದ. ಈ ಸಲ ದೂರ ಸರಿದದ್ದು ಮೇಲಿನ ಗೆರೆಗಳು. "ಇದು ಛಜ್ಜಾ."

ಒಂದು ನಿಮಿಷದ ಆ ಪಾಠದಲ್ಲಿ ಕಾಂಕ್ರೀಟಿನ ಅರ್ಧ ವಿಜ್ಞಾನ ಇತ್ತು. ಕಾಂಕ್ರೀಟು ಕಲ್ಲಿನ ಜಾತಿಯದು, ಒತ್ತಿದರೆ ಚೆನ್ನಾಗಿ ತಡೆಯುತ್ತದೆ. ಜಗ್ಗಿದರೆ ಮಾತ್ರ ಬೇಗ ಸೋಲುತ್ತದೆ. ಒತ್ತಡ ತಡೆಯುವ ಬಲದ ಹತ್ತನೆಯ ಒಂದು ಪಾಲಿನಷ್ಟೇ ಜಗ್ಗುವಿಕೆಯನ್ನು ಅದು ತಡೆದೀತು. ಅದಕ್ಕೇ ಎಲ್ಲಿ ಜಗ್ಗುತ್ತದೋ ಅಲ್ಲಿ ಉಕ್ಕಿನ ಸಳಿ ಇಡುತ್ತೇವೆ. ಎರಡೂ ಕಡೆ ಗೋಡೆಯ ಆಸರೆ ಇರುವ ಸ್ಲ್ಯಾಬಿನ ನಡುಭಾಗದಲ್ಲಿ ಜಗ್ಗುವುದು ಕೆಳಗೆ. ಒಂದೇ ಕಡೆ ಹಿಡಿದು ಹೊರಗೆ ಚಾಚಿದ ಛಜ್ಜಾದಲ್ಲಿ ಜಗ್ಗುವುದು ಮೇಲೆ, ಅದೂ ಬುಡದಲ್ಲಿ ಎಲ್ಲಕ್ಕಿಂತ ಹೆಚ್ಚು. ತುಂಬಿದ ಕೊಡವನ್ನು ಚಾಚಿದ ಕೈಯಲ್ಲಿ ಹಿಡಿದು ನಿಂತರೆ ನೋಯುವುದು ಬೆರಳಲ್ಲ, ಭುಜ.

ಕಾಕಾ ಚಪ್ಪಲಿಯನ್ನು ತಾವೇ ತಗೊಂಡು ಎರಡು ಸಲ ಬಗ್ಗಿಸಿ ನೋಡಿದರು. ಆಮೇಲೆ ಅವರು ಹೇಳಿದ ಮಾತು ಈ ಲೇಖನಕ್ಕೆ ಕಾರಣ: "ಹಂಗಾದ್ರ ಸ್ಲ್ಯಾಬ್ ಹಾಕೂ ದಿನ ನಮ್ಮ ಮಂದಿ ಪುಟ್ಟಿ ಹೊತ್ತು ಇದರ ಮ್ಯಾಗ ಅಡ್ಡಾಡ್ತಾರಲ್ರೀ. ಸಂಜೀತನಕ ಸಳಿ ತಳಕ್ಕ ಹೋಗಿರ್ತಾವು."

ನಕ್ಷೆಯಲ್ಲಿ ಸಳಿಯ ಜಾಗ ಸರಿಯಾಗಿಯೇ ಇತ್ತು. ಆದರೆ ಕಾಂಕ್ರೀಟ್ ಹೊತ್ತು ಆ ಸಳಿ ತುಳಿಯುವ ಇಪ್ಪತ್ತು ಮಂದಿಯ ಕಾಲುಗಳು ನಕ್ಷೆಯಲ್ಲಿ ಇರಲಿಲ್ಲ. ಲೆಕ್ಕ ಹಾಕಿ ನೋಡೋಣ. ಛಜ್ಜಾದ ದಪ್ಪ 100 ಮಿ.ಮೀ. ಸಳಿಯ ನಡುಗೆರೆ ಮೇಲ್ಮೈಯಿಂದ 25 ಮಿ.ಮೀ. ಒಳಗೆ. ಅಂದರೆ ತಳದಿಂದ ಸಳಿಗೆ 75 ಮಿ.ಮೀ.; ಛಜ್ಜಾದ ಬಲವೆಲ್ಲ ಈ ಅಂತರದಲ್ಲಿದೆ. ತುಳಿತಕ್ಕೆ ಸಳಿ ಒಂದು ಇಂಚು ಕುಸಿದರೆ ಅಂತರ 50ಕ್ಕೆ ಇಳಿಯುತ್ತದೆ. ಛಜ್ಜಾ ಹೊರಬಲ್ಲ ಭಾರ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಉಳಿಯುತ್ತದೆ. ಬಾಗದಂತೆ ನಿಲ್ಲುವ ಬಿಗುವು ಈ ಅಂತರದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಅದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಸಳಿ ಪೂರ್ತಿ ತಳಕ್ಕೆ ಹೋದರೆ ಅದು ಇದ್ದೂ ಇಲ್ಲದಂತೆ. ಕೆಳಂತಸ್ತಿನ ಬಿರುಕಿನ ಕತೆ ಇದೇ ಎಂದು ನನಗೆ ಆಗ ಹೊಳೆಯಿತು. ಅಲ್ಲಿ ಸಿಮೆಂಟಿನಲ್ಲಾಗಲಿ ಸಳಿಯಲ್ಲಾಗಲಿ ಯಾರೂ ಕದ್ದಿರಲಿಲ್ಲ.

ಉಪಾಯವನ್ನೂ ಕಾಕಾ ಅವರೇ ಹೇಳಿದರು. ತುಂಡು ಸಳಿಗಳನ್ನು ಬಗ್ಗಿಸಿ ಕುರ್ಚಿಯ ಹಾಗೆ ಮಾಡಿ ಮೇಲಿನ ಸಳಿಗಳಿಗೆ ಒತ್ತಾಸೆ ಕೊಡುವುದು. ಓಡಾಡಲು ಸಳಿಗೆ ತಾಗದ ಹಾಗೆ ಹಲಗೆ ಹಾಕುವುದು. ಮಾಡುವ ಕೆಲಸಕ್ಕೆ ಕಾರಣ ಗೊತ್ತಾದ ಕೂಡಲೇ ಅವರ ನಲವತ್ತು ವರ್ಷದ ಅನುಭವ ನಕ್ಷೆಯ ಸಹಾಯಕ್ಕೆ ಬಂತು. ಅಲ್ಲಿಯವರೆಗೆ ಆ ಅನುಭವ ಹೊರಗೇ ನಿಂತಿತ್ತು. ಸಳಿ ಎಷ್ಟು ದಪ್ಪ, ಎಷ್ಟು ಅಂತರಕ್ಕೆ ಒಂದು ಎಂಬ ಅಳತೆಯನ್ನಷ್ಟೇ ನಾವು ಕೆಲಸದ ಜಾಗಕ್ಕೆ ಕಳಿಸುತ್ತೇವೆ. ಯಾಕೆ ಎಂಬುದನ್ನು ಕಳಿಸುವುದಿಲ್ಲ. ಕಾರಣ ತಿಳಿಯದವನಿಗೆ ಯಾವ ಅಳತೆ ಪ್ರಾಣದಷ್ಟು ಮುಖ್ಯ, ಯಾವುದು ಅರ್ಧ ಇಂಚು ಸರಿದರೂ ನಡೆದೀತು ಎಂದು ಹೇಗೆ ಗೊತ್ತಾಗಬೇಕು?

ಅಳತೆಯ ಭಾಷೆಯೂ ಒಂದೇ ಅಲ್ಲ. ನಕ್ಷೆ ಇಂಗ್ಲಿಷಿನಲ್ಲಿ, ಮಿಲಿಮೀಟರಿನಲ್ಲಿ ಇರುತ್ತದೆ. ನಮ್ಮ ಗೌಂಡಿಗಳ ಬಾಯಲ್ಲಿ ಇರುವುದು ಫೂಟು, ಇಂಚು, ಸೂತ. ಇಂಚಿನ ಎಂಟನೆಯ ಒಂದು ಪಾಲು ಒಂದು ಸೂತ. 10 ಮಿ.ಮೀ. ಸಳಿ ಎಂದರೆ ಅವರಿಗೆ ಮೂರು ಸೂತಿನ ಸಳಿ. ಈ ಸೂತ ಎಂಬುದು ಸೂತ್ರವೇ, ಅಳೆಯುವ ದಾರ. ಆ ದಾರ ಹಿಡಿದವನನ್ನು ಈ ನೆಲ ಒಂದು ಕಾಲಕ್ಕೆ ಬಹಳ ದೊಡ್ಡ ಹೆಸರಿನಿಂದ ಕರೆದಿತ್ತು.

ಬೇವೂರಿನಿಂದ ಪಟ್ಟದಕಲ್ಲು ದೂರವಲ್ಲ. ಚಾಲುಕ್ಯ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಶಾಸನಗಳು ಅದರ ಸೂತ್ರಧಾರಿಯ ಹೆಸರನ್ನು ಉಳಿಸಿವೆ: ಗುಂಡ ಅನಿವಾರಿತಾಚಾರಿ. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಸಿಕ್ಕಿತು. ಸರ್ವಸಿದ್ಧಿ ಆಚಾರಿ ಎಂಬ ಇನ್ನೊಬ್ಬನನ್ನು ದಕ್ಷಿಣ ದಿಕ್ಕಿನ ಸೂತ್ರಧಾರಿ ಎಂದು ಶಾಸನ ಹೊಗಳುತ್ತದೆ. ಪಟ್ಟದಕಲ್ಲಿನ ಗೋಡೆಗಳ ಮೇಲೆ ಬಲದೇವ, ಚೆಂಗಮ್ಮ, ರೇವಡಿ ಓವಜ್ಜ ಎಂದು ಕೆತ್ತಿದವರ ಹೆಸರುಗಳೂ ಇವೆ. ದಾರ ಹಿಡಿದವನ ಹೆಸರೂ ಉಳಿ ಹಿಡಿದವರ ಹೆಸರೂ ಒಂದೇ ಊರಿನ ಕಲ್ಲುಗಳ ಮೇಲೆ ಉಳಿದಿರುವುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಇವತ್ತಿನ ಯಾವ ಕಟ್ಟಡದ ಅಡಿಗಲ್ಲಿನಲ್ಲಿ ಗೌಂಡಿಯ ಹೆಸರಿದೆ?

ಅಲ್ಲಿನ ಮಂಟಪದೊಳಗೆ ನಿಂತರೆ ಕಂಬಗಳು ಒತ್ತೊತ್ತಾಗಿ ನಿಂತಿರುವುದು ಮೊದಲು ಕಣ್ಣಿಗೆ ಬೀಳುತ್ತದೆ. ಅದಕ್ಕೂ ಚಪ್ಪಲಿಯ ಪಾಠವೇ ಕಾರಣ. ಮರಳುಗಲ್ಲಿನ ತೊಲೆಗೆ ಒಳಗೆ ಸಳಿ ಇಲ್ಲ; ತಳಭಾಗದ ಜಗ್ಗುವಿಕೆಯನ್ನು ಕಲ್ಲೇ ತಡೆಯಬೇಕು. ತೊಲೆ ಉದ್ದವಾದಷ್ಟೂ ನಡುವೆ ಸೀಳುವ ಭಯ ಹೆಚ್ಚು. ಗುಡ್ಡದಲ್ಲಿ ಎಷ್ಟುದ್ದದ ಕಲ್ಲು ಬಿರುಕಿಲ್ಲದೆ ಎದ್ದೀತು, ಅದರ ಪದರ ಯಾವ ಕಡೆ ಮಲಗಿದೆ ಎಂದು ಬಲ್ಲವನು ಕಲ್ಲು ಒಡೆಯುವವನು. ಕಂಬಗಳ ಅಂತರ ಗೊತ್ತುಮಾಡಬೇಕಾದವನು ಸೂತ್ರಧಾರಿ. ಒಬ್ಬನನ್ನು ಕೇಳದೆ ಇನ್ನೊಬ್ಬ ಒಂದು ಸಾಲು ಕಂಬವನ್ನೂ ನಿಲ್ಲಿಸಲಾರ. ಮಧ್ಯಪ್ರದೇಶದ ಭೋಜಪುರದಲ್ಲಿ ಹನ್ನೊಂದನೆಯ ಶತಮಾನದ ಗುಡಿಯೊಂದು ಅರ್ಧಕ್ಕೇ ನಿಂತಿದೆ. ಅದರ ನಕ್ಷೆಗಳು ಗುಡಿಯ ಪಕ್ಕದ ಬಂಡೆಗಳ ಮೇಲೆ ಗೆರೆಗಳಾಗಿ ಇವತ್ತಿಗೂ ಕಾಣುತ್ತವೆ. ನಕ್ಷೆ ಇದ್ದದ್ದು ಕೆಲಸದ ಜಾಗದಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ.

ಬರೆಯುವವರು ಕಚೇರಿಯಲ್ಲಿ, ಕಟ್ಟುವವರು ಬಿಸಿಲಲ್ಲಿ ಎಂದು ಬೇರೆಯಾದ ಮೇಲೆ ಏನಾಗಬಹುದು ಎಂಬುದಕ್ಕೆ ಎಂಜಿನಿಯರಿಂಗ್ ಓದುವವರೆಲ್ಲ ಕೇಳುವ ಒಂದು ದುರಂತವಿದೆ. ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನ ವಿಶಾಲ ಪಡಸಾಲೆಯಲ್ಲಿ ಎರಡು ನಡೆದಾರಿಗಳನ್ನು ಒಂದರ ಕೆಳಗೊಂದು ಚಾವಣಿಯಿಂದ ತೂಗುಹಾಕಿದ್ದರು. ಮೂಲ ನಕ್ಷೆಯಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಉದ್ದದ ಸಲಾಕೆ. ಎರಡೂ ದಾರಿಗಳು ಅದಕ್ಕೇ ಜೋತುಬಿದ್ದಿದ್ದವು. ಅಷ್ಟುದ್ದಕ್ಕೂ ತಿರುಪು ಕೊರೆದು ನಟ್ ಏರಿಸುವುದು ಕಷ್ಟವೆಂದು ಉಕ್ಕಿನ ಕೆಲಸದವರು ಅದನ್ನು ಎರಡು ತುಂಡು ಮಾಡಿದರು. ಮೇಲಿನ ದಾರಿ ಚಾವಣಿಗೆ, ಕೆಳಗಿನ ದಾರಿ ಮೇಲಿನ ದಾರಿಗೆ. ನೋಡಲು ಏನೂ ವ್ಯತ್ಯಾಸವಿಲ್ಲ. ಆದರೆ ಬಾವಿಯಲ್ಲಿ ಒಂದೇ ಹಗ್ಗಕ್ಕೆ ಇಬ್ಬರು ಬೇರೆ ಬೇರೆ ಜೋತುಬೀಳುವುದಕ್ಕೂ, ಒಬ್ಬ ಹಗ್ಗ ಹಿಡಿದು ಇನ್ನೊಬ್ಬ ಅವನ ಕಾಲು ಹಿಡಿಯುವುದಕ್ಕೂ ಎಷ್ಟು ಅಂತರ! ಹಗ್ಗಕ್ಕೆ ಭಾರ ಅಷ್ಟೇ. ಮೇಲಿನವನ ಕೈಗೆ ಮಾತ್ರ ಎರಡು ಪಟ್ಟು. 1981ರ ಜುಲೈ 17ರ ಸಂಜೆ, ಜನ ಕಿಕ್ಕಿರಿದಿದ್ದಾಗ, ಮೇಲಿನ ದಾರಿಯ ನಟ್ ತೊಲೆಯನ್ನು ಸೀಳಿಕೊಂಡು ಹೊರಬಂತು. 114 ಜನ ಸತ್ತರು. ಮೂಲ ನಕ್ಷೆಯೂ ನಿಯಮಕ್ಕೆ ಬೇಕಾದಷ್ಟು ಗಟ್ಟಿ ಇರಲಿಲ್ಲ ಎಂದು ಆಮೇಲಿನ ತನಿಖೆ ಹೇಳಿತು. ಬದಲಾದ ಹಾಳೆಯ ಮೇಲೆ ಎಂಜಿನಿಯರರ ಮುದ್ರೆ ಇತ್ತು. ಬದಲಾವಣೆಯ ಲೆಕ್ಕವನ್ನು ಯಾರೂ ಮಾಡಿರಲಿಲ್ಲ.

ಉಕ್ಕಿನವರು ಎತ್ತಿದ ತೊಡಕು ನಿಜವಾದದ್ದು. ಅಷ್ಟುದ್ದದ ಸಲಾಕೆಗೆ ನಟ್ ಏರಿಸುವ ಕಷ್ಟ ಬರೆದವರಿಗೆ ಮೊದಲೇ ಹೊಳೆಯಬೇಕಿತ್ತು. ನಮ್ಮ ಕಡೆ ದಿನವೂ ನಡೆಯುವ ಇಂಥದ್ದೇ ಒಂದು ಸಂಗತಿ ಹೇಳುತ್ತೇನೆ. ಗೌಂಡಿಗಳು ಕಾಂಕ್ರೀಟಿಗೆ ನೀರು ಜಾಸ್ತಿ ಹಾಕುತ್ತಾರೆ ಎಂದು ಎಲ್ಲ ಎಂಜಿನಿಯರರೂ ದೂರುತ್ತಾರೆ. ದೂರು ಸುಳ್ಳಲ್ಲ. 50 ಕಿಲೋ ಸಿಮೆಂಟಿನ ಚೀಲಕ್ಕೆ 25 ಲೀಟರ್ ನೀರು ಸಾಕಾಗುವ ಕಡೆ 35 ಲೀಟರ್ ಸುರಿದರೆ, ಸಿಮೆಂಟಿಗೆ ಬೇಡವಾದ ನೀರು ಆರಿಹೋಗಿ ಕಣ್ಣಿಗೆ ಕಾಣದ ಸಣ್ಣ ತೂತುಗಳು ಉಳಿಯುತ್ತವೆ. ಮೂರರಲ್ಲಿ ಒಂದು ಪಾಲು ಬಲ ಹೋಗಿಬಿಡಬಹುದು. ಆದರೆ ಯಾಕೆ ಸುರಿಯುತ್ತಾರೆ ಎಂದು ಒಮ್ಮೆ ಕಂಬ ಮತ್ತು ಬೀಮು ಕೂಡುವ ಜಾಗದಲ್ಲಿ ಬಗ್ಗಿ ನೋಡಬೇಕು. ನಾಲ್ಕು ದಿಕ್ಕಿನ ಸಳಿಗಳು ಅಲ್ಲಿ ಜಡೆ ಹೆಣೆದಂತೆ ಸೇರಿರುತ್ತವೆ. 20 ಮಿ.ಮೀ. ಖಡಿ ಇಳಿಯಲು ಸಂದು ಇರುವುದಿಲ್ಲ. ಗಟ್ಟಿ ಕಾಂಕ್ರೀಟು ಒಳಗೆ ಹೋಗದೆ ಜೇನುಗೂಡಿನಂತೆ ನಿಂತುಬಿಡುತ್ತದೆ. ಅದನ್ನು ತಪ್ಪಿಸಲು ಅವರ ಕೈಯಲ್ಲಿರುವುದು ನೀರೊಂದೇ. ಬರೆಯುವಾಗಲೇ ಆ ಜಾಗದಲ್ಲಿ ಸಳಿ ಕಡಿಮೆ ಮಾಡಿ ದಪ್ಪ ಹೆಚ್ಚಿಸಬಹುದಿತ್ತು, ಇಲ್ಲವೇ ಸಣ್ಣ ಖಡಿ ಹೇಳಬಹುದಿತ್ತು. ತಪ್ಪು ಕಾಗದದ ಮೇಲೆ ಹುಟ್ಟುತ್ತದೆ, ಬೈಗುಳ ಮಾತ್ರ ಪುಟ್ಟಿ ಹೊತ್ತವರಿಗೆ.

ನೆಲದ ವಿಷಯದಲ್ಲಂತೂ ಊರಿನವರಿಗೆ ಗೊತ್ತಿರುವುದು ನಕ್ಷೆಗೆ ಗೊತ್ತಿರುವುದೇ ಇಲ್ಲ. ನಮ್ಮ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೋಲು ಇಳಿಯುವಷ್ಟು ಬಿರಿಯುತ್ತದೆ. ಅದರೊಳಗಿನ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಪದರ ಪದರವಾಗಿದ್ದು, ಪದರಗಳ ನಡುವೆ ನೀರು ಹೊಕ್ಕು ಅವನ್ನು ದೂಡುತ್ತದೆ. ಈ ಏರಿಳಿತ ಸುಮಾರು 3.5 ಮೀಟರ್ ಆಳದವರೆಗೂ ಇರಬಹುದು. ಅದಕ್ಕೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ತಳದಲ್ಲಿ ಗಡ್ಡೆಯಂತೆ ಉಬ್ಬಿದ ಕಂಬಗಳನ್ನು ನೆಲದಾಳಕ್ಕೆ ಇಳಿಸುವ ವಿಧಾನ ರೂಪಿಸಿತು. ನಮ್ಮ ತಮ್ಮನ ಮನೆಗೆ ಐದು ಫೂಟಿನ ಪಾಯ ಎಂದು ಬರೆದಿದ್ದರು. ಕುಣಿ ತೋಡಿದವನು ಐದು ಫೂಟಿಗೆ ಎರೆಯೇ ಇರುವುದನ್ನು ಕಂಡು, "ಪಕ್ಕದ ಬಾವಿ ತೋಡುವಾಗ ಎಂಟು ಫೂಟಿಗೆ ಗರಸು ಸಿಕ್ಕಿತ್ತು, ಇನ್ನಷ್ಟು ಹೋಗೂಣ್ರಿ" ಎಂದ. ಹೋದೆವು, ಗರಸಿನ ಗಟ್ಟಿ ನೆಲ ಸಿಕ್ಕಿತು. ಪಾಯ ಇವತ್ತಿಗೂ ಅಲುಗಿಲ್ಲ.

ಇಂಥ ತೊಡಕು ಮೊದಲೇ ತಿಳಿಯಲೆಂದು ದೊಡ್ಡ ಕಟ್ಟಡಗಳಲ್ಲಿ ಈಗ ಕಂಪ್ಯೂಟರಿನೊಳಗೇ ಇಡೀ ಕಟ್ಟಡವನ್ನು ಕಟ್ಟಿ ನೋಡುತ್ತಾರೆ. ಬಿಐಎಂ ಎಂದು ಅದರ ಹೆಸರು. ನೀರಿನ ಪೈಪು ಬೀಮನ್ನು ಸೀಳಿಕೊಂಡು ಹೋಗುವುದಿದ್ದರೆ ಅಲ್ಲೇ ಕಾಣುತ್ತದೆ. ಒಳ್ಳೆಯದೇ. ಆದರೆ ನನಗೆ ಅದಕ್ಕಿಂತ ಮನಸ್ಸಿಗೆ ಹಿಡಿಸಿದ್ದು ಅಮೆರಿಕದ ಗ್ಲೆನ್ ಬ್ಯಾಲರ್ಡ್ ಮತ್ತು ಗ್ರೆಗ್ ಹೊವೆಲ್ 1990ರ ದಶಕದಲ್ಲಿ ರೂಪಿಸಿದ ಪದ್ಧತಿ. ಮುಂದಿನ ವಾರ ಮುಗಿಸುತ್ತೇವೆ ಎಂದು ಕಚೇರಿಯಲ್ಲಿ ಬರೆದ ಕೆಲಸಗಳಲ್ಲಿ ಅರ್ಧದ ಆಸುಪಾಸು ಮಾತ್ರ ಮುಗಿಯುತ್ತಿವೆ ಎಂದು ಅವರು ಕಂಡುಕೊಂಡರು. ಹಾಗಾಗಿ ಕೆಲಸ ಮಾಡುವ ಗುಂಪಿನ ಮುಖ್ಯಸ್ಥರನ್ನೇ ಕೂರಿಸಿ, ಕೊನೆಯಿಂದ ಹಿಂದಕ್ಕೆ ಯೋಚಿಸುತ್ತ, ಯಾರಿಗೆ ಯಾರಿಂದ ಏನು ಬೇಕು ಎಂದು ಅವರ ಬಾಯಿಂದಲೇ ಹೇಳಿಸಿದರು. "ಆಗುವುದಿಲ್ಲ" ಎಂದು ಹೇಳುವ ಹಕ್ಕನ್ನೂ ಕೊಟ್ಟರು. ನಮ್ಮಲ್ಲಿ ಗೌಂಡಿಗೆ ಇಲ್ಲದಿರುವುದು ಆ ಹಕ್ಕೇ.

ಈ ಕೊರತೆಯಲ್ಲಿ ಮನೆ ಕಟ್ಟಿಸುವ ನಮ್ಮ ಪಾಲೂ ಇದೆ. ನಾವು ಎಂಜಿನಿಯರಿಗೆ ದುಡ್ಡು ಕೊಡುವುದು ಪಂಚಾಯಿತಿಗೆ ತೋರಿಸಲು ಬೇಕಾದ ಪ್ಲಾನಿಗೆ. ಅವನು ಜಾಗಕ್ಕೆ ಬರಬೇಕೆಂದರೆ ಬೇರೆ ಫೀ ಎಂದಾಗ ಚೌಕಾಶಿ ಮಾಡಿ ಬಿಟ್ಟುಬಿಡುತ್ತೇವೆ. ಅಡುಗೆಮನೆಯ ಗ್ರಾನೈಟಿಗೆ ಇಳಕಲ್ಲಿಗೆ ನಾಲ್ಕು ಸಲ ಹೋಗಿಬರುವವರು ಸಳಿ ಕಟ್ಟಿದ ದಿನ ಎಂಜಿನಿಯರನ್ನು ಒಂದು ಸಲ ಕರೆಸುವುದಿಲ್ಲ. ಪಾಯದ ಕುಣಿ ತೋಡಿದ ದಿನ, ಪ್ರತಿ ಸ್ಲ್ಯಾಬಿನ ಹಿಂದಿನ ದಿನ, ಪೈಪು ವೈರು ಹಾಯಿಸುವ ಮುಂಚೆ, ಇಷ್ಟು ಸಲವಾದರೂ ಬರೆದವನೂ ಕಟ್ಟುವವನೂ ಒಂದೇ ಕಡೆ ನಿಲ್ಲಲಿ. ಅದರ ಖರ್ಚು ಬಾಗಿಲಿನ ಕೆತ್ತನೆಗಿಂತ ಹೆಚ್ಚಾಗುವುದಿಲ್ಲ.

ಆ ದಿನ ಎಂಜಿನಿಯರ್ ಹುಡುಗ ಹೊರಡುವ ಮುಂಚೆ ಇದ್ದಿಲಿನ ಚೂರು ತಗೊಂಡು ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಛಜ್ಜಾದ ಚಿತ್ರವನ್ನು ನಿಜದ ಅಳತೆಯಲ್ಲೇ ಬರೆದ. ಸಳಿ ಎಲ್ಲಿ, ಕುರ್ಚಿ ಎಲ್ಲಿ, ಸೂತಿನ ಲೆಕ್ಕದಲ್ಲಿ. ಪಕ್ಕದಲ್ಲಿ ಕನ್ನಡದಲ್ಲಿ, ದಪ್ಪಗೆ: "ಇಲ್ಲಿ ಜಗ್ಗುತೈತಿ." ಸ್ಲ್ಯಾಬ್ ಹಾಕಿದ ದಿನ ಪುಟ್ಟಿ ಹೊತ್ತ ಹೆಣ್ಣುಮಕ್ಕಳೆಲ್ಲ ಹಲಗೆಯ ಮೇಲೇ ನಡೆದರು. ಯಾರಾದರೂ ತಪ್ಪಿ ಸಳಿಯ ಮೇಲೆ ಕಾಲಿಟ್ಟರೆ ಉಳಿದವರೇ ಕೂಗಿ ಎಚ್ಚರಿಸುತ್ತಿದ್ದರು. ತಿಂಗಳು ಕಳೆದ ಮೇಲೆ ಆ ಗೋಡೆಗೆ ಗಿಲಾವ್ ಮಾಡುವ ಸರದಿ ಬಂತು. ಕರಣಿ ಕೈಗೆ ತಗೊಳ್ಳುವ ಮುಂಚೆ ಕಾಕಾ ಮೊಬೈಲ್ ತೆಗೆದು ಆ ಇದ್ದಿಲ ಚಿತ್ರದ ಫೋಟೊ ಹೊಡೆದುಕೊಂಡರು. ಮುಂದಿನ ಕೆಲಸ ಹುನಗುಂದದಲ್ಲಿ ಇತ್ತು.