ಲಾಗೋಸಿನ ಮಾರುಕಟ್ಟೆಯಲ್ಲಿ ಆತಿಥೇಯನೂ ವಲಸಿಗನೂ

ನೈಜೀರಿಯಾದ ಲಾಗೋಸ್ ಯೊರುಬಾ ಜನರ ನಾಡು. ಆದರೆ ಅಲ್ಲಿನ ಅಲಾಬಾದ ವಿದ್ಯುತ್ ಉಪಕರಣಗಳ ಹಾಗೂ ಲಾಡಿಪೊದ ವಾಹನ ಬಿಡಿಭಾಗಗಳ ವ್ಯಾಪಾರ ಬಹುಪಾಲು ಪೂರ್ವದಿಂದ ಬಂದ ಇಗ್ಬೊ ಜನರ ಕೈಯಲ್ಲಿದೆ. ನೆಲವೂ ಗಿರಾಕಿಯೂ ಬಹುಮಟ್ಟಿಗೆ ಒಂದು ಕಡೆ, ಸರಕೂ ಮಳಿಗೆಯೂ ಇನ್ನೊಂದು ಕಡೆ. ಒಬ್ಬರಿಲ್ಲದೆ ಇನ್ನೊಬ್ಬರ ವ್ಯವಹಾರ ಸಾಗದು.

ಹಾಗಿದ್ದೂ ಪರಸ್ಪರ ಶಂಕೆ ಏಕೆ? 1967–70ರ ಬಿಯಾಫ್ರಾ ಯುದ್ಧದ ತರುವಾಯ, ಠೇವಣಿ ಎಷ್ಟೇ ಇದ್ದರೂ ಇಗ್ಬೊ ಖಾತೆದಾರರಿಗೆ ದೊರೆತದ್ದು 20 ಪೌಂಡು ಮಾತ್ರ. 1972ರ ಶಾಸನವು ವಿದೇಶಿ ಉದ್ಯಮಗಳ ಪಾಲನ್ನು ದೇಶೀಯರಿಗೆ ತೆರೆದಾಗ ಅವರಲ್ಲಿ ಬಂಡವಾಳವಿರಲಿಲ್ಲ. ಯುದ್ಧಕಾಲದ ಹಣಕಾಸು ಹೊಣೆ ಹೊತ್ತಿದ್ದವರು ಯೊರುಬಾ ನಾಯಕ ಅವೊಲೊವೊ ಎಂಬುದನ್ನು ಇಗ್ಬೊಗಳು ಮರೆತಿಲ್ಲ. 2023ರ ಚುನಾವಣೆಯಲ್ಲಿ ಲಾಗೋಸ್ ಯಾರದೆಂಬ ಕಲಹ ಮತ್ತೆ ಹೊತ್ತಿಕೊಂಡಿತು. ಆದರೆ ಯುದ್ಧಾನಂತರ ಲಾಗೋಸಿಗೆ ಮರಳಿದ ಅನೇಕ ಇಗ್ಬೊಗಳಿಗೆ ಯೊರುಬಾ ನೆರೆಯವರು ಮನೆಯನ್ನೂ ಕೂಡಿಟ್ಟ ಬಾಡಿಗೆಯನ್ನೂ ಒಪ್ಪಿಸಿದ್ದುಂಟು.

ಭೂಮಿ ದೇವರದು, ಅದರಲ್ಲಿ ನಾವೆಲ್ಲರೂ ಪರವಾಸಿಗಳೆಂದು ಯಾಜಕಕಾಂಡ (25:23) ನೆಲದೊಡೆಯನಿಗೆ ತಿಳಿಸುತ್ತದೆ. ನೆಲೆಸಿದ ಪಟ್ಟಣದ ಕ್ಷೇಮವನ್ನು ಅರಸಬೇಕೆಂದು ಯೆರೆಮೀಯನು (29:7) ವಲಸಿಗನಿಗೆ ಬೋಧಿಸುತ್ತಾನೆ. ನಮಗೆ ಸಲ್ಲುವ ವಚನವನ್ನು ಬಿಟ್ಟು ನೆರೆಯವನಿಗೆ ಸಲ್ಲುವುದನ್ನೇ ಓದುವುದು ನಮ್ಮೆಲ್ಲರ ಶೋಧನೆ. ಒಂದೇ ಬಲಿಪೀಠದ ರೊಟ್ಟಿಯನ್ನು ಹಂಚಿಕೊಳ್ಳುವವರು ತಂತಮ್ಮ ವಚನವನ್ನು ಮೊದಲು ಓದಿಕೊಂಡರೆ, ಮಾರುಕಟ್ಟೆಯ ಅವಲಂಬನೆ ನೆರೆತನವಾಗಬಲ್ಲದು.