ಕುಮುದ್ವತಿಯ ಹುಟ್ಟುನೆಲದಲ್ಲಿ ಹವಾಮಾನದ ಹೊಣೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ತಾಲ್ಲೂಕಿನಲ್ಲಿ, ದಾಬಸ್‌ಪೇಟೆಗೆ ಹತ್ತಿರದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,370 ಮೀಟರ್ ಎತ್ತರಕ್ಕೆ ನಿಂತಿರುವ ಶಿವಗಂಗೆ ಬೆಟ್ಟವು ಗಂಗಾಧರೇಶ್ವರನ ಕ್ಷೇತ್ರವೆಂದೂ ಹೊಯ್ಸಳರ ರಾಣಿ ಶಾಂತಲೆ 1131ರಲ್ಲಿ ಕೊನೆಯುಸಿರೆಳೆದ ತಾಣವೆಂದೂ ನಾಡಿಗೆ ಪರಿಚಿತವಾಗಿದೆ. ಈ ಬೆಟ್ಟಸಾಲು ಒಂದು ನದಿಯ ಹುಟ್ಟುನೆಲವೂ ಹೌದೆಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಇಲ್ಲಿ ಹುಟ್ಟುವ ಕುಮುದ್ವತಿಯು (ಶಿಕಾರಿಪುರದ ಕಡೆ ಹರಿಯುವ ಅದೇ ಹೆಸರಿನ ಹೊಳೆ ಬೇರೆ) ನೆಲಮಂಗಲ ಮತ್ತು ಮಾಗಡಿ ತಾಲ್ಲೂಕುಗಳನ್ನು ಹಾದು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಆ ಸಂಗಮದಲ್ಲಿ 1930ರ ದಶಕದಲ್ಲಿ ಕಟ್ಟಿದ ಜಲಾಶಯವು ಹಲವು ದಶಕಗಳ ಕಾಲ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. ಕಾವೇರಿಯ ನೀರು ನಗರಕ್ಕೆ ಬಂದ ಮೇಲೆ ಅದರ ಮೇಲಿನ ಅವಲಂಬನೆ ಕಡಿಮೆಯಾಯಿತಾದರೂ, ಜಲಾಶಯಕ್ಕೆ ಬರುವ ಒಳಹರಿವು ಕೂಡ ಕುಸಿಯುತ್ತಲೇ ಬಂದಿತು.

ಹೊಳೆ ಬತ್ತಿದರೆ ಮಳೆ ಕಡಿಮೆಯಾಗಿದೆ, ಹವಾಮಾನ ಕೆಟ್ಟಿದೆ ಎಂದು ತೀರ್ಮಾನಿಸುವುದು ಸಹಜ. ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು ತಿಪ್ಪಗೊಂಡನಹಳ್ಳಿಯ ಮೇಲ್ಭಾಗದ ಜಲಾನಯನವನ್ನು, ಅಂದರೆ ಬಿದ್ದ ಮಳೆಯೆಲ್ಲ ಹರಿದು ಆ ಜಲಾಶಯಕ್ಕೆ ಬರಬೇಕಾದ ಇಡೀ ಪ್ರದೇಶವನ್ನು, ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವು ಈ ತೀರ್ಮಾನವನ್ನು ಒಪ್ಪಲಿಲ್ಲ. ಮಳೆಯ ಪ್ರಮಾಣ, ಅದು ಬೀಳುವ ಕಾಲ, ಏರಿದ ತಾಪಮಾನ ಇವು ಒಳಹರಿವಿನ ಕುಸಿತವನ್ನು ವಿವರಿಸಲಾರವು, ಕೊಳವೆಬಾವಿಗಳಿಂದ ಎತ್ತಿದ ಅಂತರ್ಜಲ ಮತ್ತು ಹಬ್ಬಿದ ನೀಲಗಿರಿ ತೋಪುಗಳು ಮುಖ್ಯ ಕಾರಣಗಳಾಗಿರುವ ಸಾಧ್ಯತೆ ಹೆಚ್ಚು, ಹಳ್ಳಗಳಿಗೆ ಅಡ್ಡಲಾಗಿ ಕಟ್ಟಿದ ಒಡ್ಡುಗಳ ಪಾಲು ಇವೆರಡಕ್ಕಿಂತ ಕಡಿಮೆ ಎಂದು ಅದು ಹೇಳಿತು. ಹವಾಮಾನ ಬದಲಾವಣೆಯ ಕುರಿತು ಚರ್ಚಿಸುವಾಗ ಈ ಮಾತಿಗೆ ಮಹತ್ವದ ಸ್ಥಾನವಿರಬೇಕು. ಎಲ್ಲ ನಷ್ಟವನ್ನೂ ಆಕಾಶದ ಲೆಕ್ಕಕ್ಕೆ ಬರೆದುಬಿಟ್ಟರೆ ನೆಲದ ಮೇಲೆ ನಡೆದದ್ದನ್ನು ಯಾರೂ ಪ್ರಶ್ನಿಸುವುದಿಲ್ಲ.

ಹಾಗೆಂದು ಇದರಲ್ಲಿ ಒಬ್ಬ ರೈತನ ತಪ್ಪನ್ನು ಹುಡುಕುವುದು ಅನ್ಯಾಯ. ಕೂಲಿ ಆಳುಗಳು ಸಿಗದಾಗ ಹೊಲಕ್ಕೆ ನೀಲಗಿರಿ ಹಾಕಿದ್ದು, ತೆರೆದ ಬಾವಿ ಬತ್ತಿದಾಗ ಸಾಲ ಮಾಡಿ ಕೊಳವೆಬಾವಿ ಕೊರೆಸಿದ್ದು, ಅಡಿಕೆ ಮತ್ತು ತರಕಾರಿಗೆ ನೀರು ಹಾಯಿಸಿದ್ದು, ಒಂದೊಂದೂ ಆ ಮನೆಯ ಮಟ್ಟಿಗೆ ಸರಿಯಾದ ನಿರ್ಧಾರವೇ ಆಗಿತ್ತು. ನೀಲಗಿರಿಯನ್ನು ಸಾಮಾಜಿಕ ಅರಣ್ಯ ಯೋಜನೆಯ ಹೆಸರಿನಲ್ಲಿ 1980ರ ದಶಕದಲ್ಲಿ ಹರಡಿದ್ದು ಸರ್ಕಾರವೇ, 2017ರಲ್ಲಿ ಅದನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿದ್ದೂ ಸರ್ಕಾರವೇ. ಸಾವಿರಾರು ಮನೆಗಳ ಸರಿಯಾದ ನಿರ್ಧಾರಗಳು ಕೂಡಿ ಒಂದು ಹೊಳೆಯನ್ನು ಬತ್ತಿಸಬಲ್ಲವಾದರೆ, ವೈಯಕ್ತಿಕ ಹೊಣೆಯೆಂಬುದು ಒಂದು ಮನೆಯ ಅಂಗಳದೊಳಗೆ ಮುಗಿಯುವ ವಿಷಯವಾಗಿ ಉಳಿಯುವುದಿಲ್ಲ.

ಈ ಅಂತರ್ಜಲಕ್ಕೂ ಭೂಮಿಯ ಬಿಸಿಗೂ ನೇರವಾದ ನಂಟೊಂದಿದೆ. ಸಾವಿರ ಅಡಿ ಆಳದಿಂದ ಸಾವಿರ ಲೀಟರ್ ನೀರನ್ನು ಮೇಲೆತ್ತಲು, ಪಂಪು ಮತ್ತು ಮೋಟಾರಿನಲ್ಲಿ ಆಗುವ ನಷ್ಟವನ್ನೂ ಸೇರಿಸಿದರೆ, ಸುಮಾರು ಎರಡು ಯೂನಿಟ್ ವಿದ್ಯುತ್ ಬೇಕಾಗುತ್ತದೆ. ಕಲ್ಲಿದ್ದಲಿನ ಪಾಲು ದೊಡ್ಡದಿರುವ ನಮ್ಮ ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್‌ಗೆ ಸರಾಸರಿ 0.7 ಕಿಲೋಗ್ರಾಮಿನಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ಆ ಸಾವಿರ ಲೀಟರಿನ ಹಿಂದೆ ಸುಮಾರು 1.4 ಕಿಲೋಗ್ರಾಮ್ ಅನಿಲವಿರುತ್ತದೆ. ಅದೇ ನೀರು ಮೂವತ್ತು ಅಡಿಯ ತೆರೆದ ಬಾವಿಯಲ್ಲಿ ಸಿಕ್ಕಿದ್ದರೆ ಖರ್ಚು ಸುಮಾರು ಮೂವತ್ತರಲ್ಲಿ ಒಂದು ಪಾಲಾಗುತ್ತಿತ್ತು. ಹತ್ತು ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತವಾದ್ದರಿಂದ ಈ ಖರ್ಚು ರೈತನ ಬಿಲ್ಲಿನಲ್ಲಿ ಕಾಣಿಸುವುದಿಲ್ಲ. ಅಂತರ್ಜಲದ ಮಟ್ಟವನ್ನು ಮೇಲೇರಿಸುವುದು ಹೀಗೆ ಹವಾಮಾನದ ಕೆಲಸವೂ ಆಗುತ್ತದೆ.

ಹೊಣೆಯ ತೂಕ ಎಲ್ಲರಿಗೂ ಒಂದೇ ಅಲ್ಲ. ಕೈಗಾರಿಕಾ ಯುಗಕ್ಕೆ ಮೊದಲು ವಾತಾವರಣದ ಹತ್ತು ಲಕ್ಷ ಕಣಗಳಲ್ಲಿ 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಇಂದು 420ನ್ನು ದಾಟಿದೆ. ಈ ಏರಿಕೆಗೆ ಭಾರತೀಯನೊಬ್ಬ ಸೇರಿಸುವ ಸರಾಸರಿ ವಾರ್ಷಿಕ ಪಾಲು ಎರಡು ಟನ್ನಿನ ಆಸುಪಾಸಿನಲ್ಲಿದ್ದರೆ ಅಮೆರಿಕನ್ನನದು ಅದರ ಆರೇಳು ಪಟ್ಟು. ಒಬ್ಬೊಬ್ಬರೂ ತಮ್ಮ ಪಾಲಿನ ಇಂಗಾಲವನ್ನು ತಾವೇ ಲೆಕ್ಕ ಹಾಕಿಕೊಳ್ಳಬೇಕೆಂಬ ಪ್ರಚಾರಕ್ಕೆ 2000ದ ದಶಕದ ನಡುವಿನಲ್ಲಿ ಹೆಚ್ಚು ಹಣ ಸುರಿದವರಲ್ಲಿ ಬಿಪಿ ಎಂಬ ತೈಲ ಕಂಪನಿಯೂ ಒಂದು. ವ್ಯಕ್ತಿಯ ಕರ್ತವ್ಯವನ್ನು ಹೇಳುವಾಗ ಇದನ್ನೂ ಹೇಳುವುದು ನ್ಯಾಯ.

ಹೊಣೆ ಯಾರದೇ ಇರಲಿ, ಏರುವ ಬಿಸಿಯ ಪರಿಣಾಮ ಈ ಬೆಟ್ಟದ ಮೇಲೂ ಆಗುತ್ತದೆ. ಬಿಸಿಯಾದ ಗಾಳಿ ಪ್ರತಿ ಡಿಗ್ರಿಗೆ ಸುಮಾರು ಶೇ 7ರಷ್ಟು ಹೆಚ್ಚು ತೇವವನ್ನು ಹಿಡಿದುಕೊಳ್ಳುವುದರಿಂದ ಮಳೆ ಒಮ್ಮೆಲೇ ಜೋರಾಗಿ ಸುರಿಯುವ ಸಂದರ್ಭಗಳು ಹೆಚ್ಚುತ್ತವೆ, ಬೋಳುಬಂಡೆಯ ಶಿವಗಂಗೆಯಂಥ ಬೆಟ್ಟದಲ್ಲಿ ಅಂಥ ಮಳೆ ಇಂಗುವ ಮೊದಲೇ ಇಳಿದು ಹೋಗುತ್ತದೆ. ಕುಮುದ್ವತಿಯ ಪುನಶ್ಚೇತನಕ್ಕೆ 2013ರಿಂದ ಆರ್ಟ್ ಆಫ್ ಲಿವಿಂಗ್ ಸಂಸ್ಥೆಯು ಊರಿನವರೊಂದಿಗೆ ಕೈಗೊಂಡ ಕಾಮಗಾರಿಯಲ್ಲಿ, ಒಡ್ಡುಗಳಂತೆ ನೀರನ್ನು ಕಟ್ಟಿ ನಿಲ್ಲಿಸದೆ ಅದರ ಓಟವನ್ನಷ್ಟೇ ತಗ್ಗಿಸಲು ಹಳ್ಳಗಳಿಗೆ ಅಡ್ಡಲಾಗಿ ಪೇರಿಸಿದ ಕಲ್ಲಿನ ತಡೆಗಳೂ ಇಂಗುಬಾವಿಗಳೂ ಇರುವುದು ಇದಕ್ಕಾಗಿಯೇ: ನೀರಿನ ಓಟ ನಿಧಾನವಾದರೆ ಕಲ್ಲಿನ ಬಿರುಕುಗಳ ಮೂಲಕ ಅದು ಕೆಳಗಿಳಿಯಲು ಸಮಯ ಸಿಗುತ್ತದೆ. ವರ್ಷಕ್ಕೆ 800 ಮಿಲಿಮೀಟರ್ ಮಳೆಯೆಂದರೆ ಒಂದು ಎಕರೆಯ ಮೇಲೆ ಸುಮಾರು 32 ಲಕ್ಷ ಲೀಟರ್ ಬೀಳುತ್ತದೆ. ಹೊಲದ ಬದು, ಊರಿನ ಕಟ್ಟೆ, ಹೂಳೆತ್ತಿದ ಕೆರೆ, ಎಲ್ಲವೂ ಇದರ ಒಂದಿಷ್ಟು ಪಾಲನ್ನು ಹಿಡಿದಿಡುತ್ತವೆ.

ಆದರೆ ಇಂಗಿಸಿದ ನೀರಿಗೆ ಪಹಣಿಯ ಗಡಿ ಗೊತ್ತಿಲ್ಲ. ಒಬ್ಬನು ಬದು ಕಟ್ಟಿ ಇಳಿಸಿದ ನೀರನ್ನು ಪಕ್ಕದ ಹೊಲದವನು ಇನ್ನೂ ಆಳಕ್ಕೆ ಕೊರೆಸಿ ಎತ್ತಿಕೊಂಡರೆ ಇಬ್ಬರ ಶ್ರಮವೂ ವ್ಯರ್ಥ. ಅಂತರ್ಜಲದ ಬಳಕೆಯನ್ನು ನಿಯಂತ್ರಿಸುವ 2011ರ ರಾಜ್ಯ ಕಾಯ್ದೆಯು ಹೊಸ ಕೊಳವೆಬಾವಿಗೆ ಅನುಮತಿಯ ನಿಯಮವನ್ನು ತಂದಿದೆ. ಕಾನೂನಿಗಿಂತ ಹೆಚ್ಚು ಗಮನ ಸೆಳೆಯುವುದು ಅವಿಭಜಿತ ಆಂಧ್ರಪ್ರದೇಶದ ಏಳು ಜಿಲ್ಲೆಗಳಲ್ಲಿ, ನೆರೆಯ ಅನಂತಪುರದಲ್ಲೂ, ಈ ಶತಮಾನದ ಮೊದಲ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ನಡೆದ ಪ್ರಯೋಗ. ಅಲ್ಲಿ ರೈತರೇ ದಿನದ ಮಳೆಯನ್ನೂ ಹದಿನೈದು ದಿನಕ್ಕೊಮ್ಮೆ ಬಾವಿಗಳ ನೀರಿನ ಮಟ್ಟವನ್ನೂ ಅಳೆದು ಬರೆದಿಟ್ಟರು. ಹಿಂಗಾರು ಬಿತ್ತನೆಗೆ ಮೊದಲು ಊರವರೆಲ್ಲ ಸೇರಿ, ಲಭ್ಯವಿರುವ ನೀರಿಗೂ ಬೆಳೆಯಬೇಕೆಂದಿರುವ ಬೆಳೆಗಳ ಬೇಡಿಕೆಗೂ ತಾಳೆ ನೋಡಿದರು. ಯಾರ ಮೇಲೂ ಒತ್ತಾಯವಿರಲಿಲ್ಲ, ಯಾವ ಬೆಳೆ ಎಂಬುದನ್ನು ಆಯಾ ರೈತನೇ ನಿರ್ಧರಿಸುತ್ತಿದ್ದ. ಹಲವರು ಭತ್ತ ಬಿಟ್ಟು ಕಡಿಮೆ ನೀರಿನ ಬೆಳೆಗಳತ್ತ ತಿರುಗಿದರು. ರಾಗಿಯ ನೆಲವಾದ ನೆಲಮಂಗಲದ ಕಡೆ ಇಂಥ ಲೆಕ್ಕ ಆರಂಭವಾಗಲು ಊರಿಗೊಂದು ಮಳೆಮಾಪಕ, ನೀರಿನ ಮಟ್ಟ ಅಳೆಯುವ ಒಂದು ಟೇಪು, ಅಳತೆಗಳನ್ನು ಬರೆದಿಡಲು ಎಲ್ಲರ ಕಣ್ಣಿಗೆ ಬೀಳುವ ಒಂದು ಗೋಡೆ, ಬೇಸಿಗೆಯ ತರಕಾರಿ ನಾಟಿಗೆ ಮೊದಲು ಕೂಡುವ ಒಂದು ಗ್ರಾಮಸಭೆ ಸಾಕು.